ಬಾಮೈದನ ಕೋಟು, ಭಾವನ ಸ್ಪ್ರಿಂಕ್ಲರ್

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಅರ್ಧ ಲೋಟ ಕಾಫಿ. ಚೆಲ್ಲಿದ್ದು ಬಟ್ಟೆ ಗೋದಾಮಿನ ಸುರಕ್ಷತಾಧಿಕಾರಿಯ ಕೋಟಿನ ಮೇಲೆ. ಚೆಲ್ಲಿದವರು ಪಕ್ಕದ ಮೇಜಿನ ಅಕೌಂಟೆಂಟಮ್ಮ. ಕೋಟಾದರೂ ಸ್ವಂತದ್ದೇ? ಬಾಮೈದನ ಹತ್ತಿರ ಕೇಳಿ ತಂದದ್ದು.

ಆ ಬಾಮೈದ ಭಾವನನ್ನು ಕರೆಯುತ್ತಿದ್ದುದೇ ‘ನಲ್ಲಿ ಸಾಹೇಬರು’ ಎಂದು. ಗೋದಾಮಿನ ಸೂರಿನುದ್ದಕ್ಕೂ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಹಾಕಿಸಿ, ಅವನ್ನು ಹೆತ್ತ ಮಕ್ಕಳಂತೆ ನೋಡಿಕೊಳ್ಳುವವರಿಗೆ ಈ ಹೆಸರೇ? ಇವತ್ತು ಅದಕ್ಕೆ ತಕ್ಕ ಉತ್ತರ ಸಿಗುವುದರಲ್ಲಿತ್ತು. ದೇಶದೇಶಗಳಲ್ಲಿ ಸ್ಪ್ರಿಂಕ್ಲರ್ ಪ್ರಚಾರ ಮಾಡುವ ಸಂಸ್ಥೆಯ ಮೇಡಂ ತಪಾಸಣೆಗೆ ಬರುತ್ತಿದ್ದರು. ಅವರು ಮೆಚ್ಚಿದರೆ ಸಾಹೇಬರ ಫೋಟೋ ಪೋಸ್ಟರಾಗಿ ಲೋಕವೆಲ್ಲ ಸುತ್ತುತ್ತದೆ. “ಆಮೇಲೆ ನಿನ್ನ ತಮ್ಮ ಹ್ಯಾಗೆ ನಲ್ಲಿ ಅಂತಾನೋ ನೋಡ್ತೀನಿ” ಎಂದು ಹೆಂಡತಿಗೆ ಹೇಳಿ ಎದೆಯುಬ್ಬಿಸಿಕೊಂಡು ಬಂದಿದ್ದರು.

“ತಲೆ ಕೆಡಿಸ್ಕೋಬೇಡಿ ಸಾರ್, ಈಗ ತೊಳೆದು ತರ್ತೀನಿ” ಎಂದು ಅಕೌಂಟೆಂಟಮ್ಮ ಕೋಟು ಕಿತ್ತುಕೊಂಡು ಹೋದರು. ಕಲೆಯೇನೋ ಹೋಯಿತು, ಒಣಹಾಕುವುದೆಲ್ಲಿ? ತುರ್ತು ಬಾಗಿಲ ಹಿಡಿಕೆಗೆ ಸಿಕ್ಕಿಸಹೋದರೆ ಸ್ಟೋರ್‌ಕೀಪರ್ ಅಡ್ಡ ಬಂದ. “ಅಲ್ಲಿ ಬೇಡಮ್ಮಾ, ಸಾಹೇಬ್ರು ಬೋರ್ಡ್ ಹಾಕ್ಸಿದಾರೆ.” ಹೀಟರಿನ ಪಕ್ಕ ಬೋರ್ಡು, ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಬೋರ್ಡು, ಎಲ್ಲೆಲ್ಲೂ ‘ಇಲ್ಲಿ ಏನನ್ನೂ ನೇತುಹಾಕಬೇಡಿ’. ಆಫೀಸು ಕೋಣೆಯ ತಗ್ಗು ಸೂರಿನ ಸ್ಪ್ರಿಂಕ್ಲರಿಗೂ ಒಂದಿತ್ತು. ಮೇಡಂ ಬರುತ್ತಾರೆಂದು ಹೊಸ ಬಣ್ಣ ಬಳಿಸಲು ಸಾಹೇಬರೇ ಅದನ್ನು ಬೆಳಿಗ್ಗೆ ಇಳಿಸಿದ್ದರು. ಬೋರ್ಡಿಲ್ಲದ ಜಾಗ ಸಿಕ್ಕಿತಲ್ಲ ಎಂದು ಅಕೌಂಟೆಂಟಮ್ಮ ಖುಷಿಯಿಂದ ಕುರ್ಚಿ ಹತ್ತಿದರು.

ಭಾಷಣ ಉರು ಹೊಡೆಯುತ್ತಾ ಬಂದ ಸಾಹೇಬರು ತಲೆಯೆತ್ತಿ ನೋಡುತ್ತಾರೆ, ತಮ್ಮ ಮುದ್ದಿನ ಸ್ಪ್ರಿಂಕ್ಲರಿನ ಕುತ್ತಿಗೆಗೆ ಹ್ಯಾಂಗರು, ಹ್ಯಾಂಗರಿನಲ್ಲಿ ಕೋಟು!

“ಯಾರೂ ಮುಟ್ಬೇಡಿ! ಅದರ ಗಾಜಿನ ಬಲ್ಬು ಒಡೆದ್ರೆ ನೀರು ಧುಮುಕುತ್ತೆ!”

ತಾವೇ ಕುರ್ಚಿ ಹತ್ತಿ, ಮಲಗಿದ ಮಗುವಿನ ಕಾಲಿಂದ ಚಪ್ಪಲಿ ಬಿಚ್ಚುವಷ್ಟು ನಯವಾಗಿ ಕೈ ಹಾಕಿದರು.

“ಎಡಕ್ಕೆ ಎಳೀರಿ ಸಾರ್!” ಎಂದರು ಅಕೌಂಟೆಂಟಮ್ಮ.

“ಬೇಡ ಬೇಡ, ಬಲಕ್ಕೆ!” ಎಂದ ಸ್ಟೋರ್‌ಕೀಪರ್.

“ಒಳಗೆ ಬರಬಹುದಾ?” ಎಂದಿತು ಬಾಗಿಲಲ್ಲಿ ಮೇಡಂ ದನಿ. ಸಾಹೇಬರು ಬೆಚ್ಚಿಬಿದ್ದರು. ಟಕ್!

ನೀರು ಭೋರೆಂದು ಸುರಿಯಿತು. ಅಲಾರಂ ಹೊಡೆದುಕೊಂಡಿತು. ಸಿಬ್ಬಂದಿಯೆಲ್ಲ ಕಲಿಸಿದ ಹಾಗೆಯೇ ಸಾಲಾಗಿ ತುರ್ತು ಬಾಗಿಲಿಂದ ಹೊರಟರು. ಮೇಡಂ ಫೋಟೋ ಹೊಡೆದೇ ಹೊಡೆದರು. ತೊಯ್ದು ತೊಪ್ಪೆಯಾದ ಸಾಹೇಬರಿಗೆ ಮಾತ್ರ ಹೆಮ್ಮೆ ಉಕ್ಕಿ ಬಂತು.

“ನೋಡಿ ಮೇಡಂ! ಒಡೆದದ್ದು ಒಂದು, ಸುರೀತಿರೋದೂ ಒಂದೇ! ಸಿನಿಮಾದಲ್ಲಿ ತೋರಿಸೋ ಹಾಗೆ ಎಲ್ಲಾ ಒಟ್ಟಿಗೆ ಸುರಿಯೋದು ಶುದ್ಧ ಸುಳ್ಳು. ರಭಸ ನೋಡಿ, ರಭಸ!”

ನೀರು ನಿಲ್ಲಿಸಿದ ಮೇಲೆ ಮೇಡಂ ಸಾಹೇಬರ ಒದ್ದೆ ಕೈ ಕುಲುಕಿದರು. “ಇಷ್ಟು ನಂಬಿಕೆಯ ವ್ಯವಸ್ಥೆ ನಾನು ನೋಡೇ ಇಲ್ಲ. ನಿಮ್ಮ ಗೋದಾಮು ಪಾಸು. ಪೋಸ್ಟರಿಗೂ ಒಳ್ಳೇ ಫೋಟೋ ಸಿಕ್ತು, ಸಂಜೆ ಕಳಿಸ್ತೀನಿ.”

ಸಂಜೆ ಮನೆಯಲ್ಲಿ ಟವೆಲ್ ಹೊದ್ದು ಸೀನುತ್ತಾ ಕೂತಿದ್ದ ಸಾಹೇಬರ ಮೊಬೈಲಿಗೆ ಪೋಸ್ಟರ್ ಬಂತು. ಮೇಲೆ ದಪ್ಪಕ್ಷರದಲ್ಲಿ ‘ಸ್ಪ್ರಿಂಕ್ಲರಿಗೆ ಬಟ್ಟೆ ನೇತುಹಾಕುವ ಮೂರ್ಖತನ ಬೇಡ’. ಕೆಳಗೆ ಕುರ್ಚಿಯ ಮೇಲೆ ನಿಂತು, ಕೋಟಿಗೆ ಕೈ ಹಾಕಿದ ಮನುಷ್ಯ. ಮುಖ ಪೂರ್ತಿ ಕೋಟಿನ ಮರೆಯಲ್ಲಿತ್ತು.

“ಸದ್ಯ, ನಾನು ಅಂತ ಯಾರಿಗೂ ಗೊತ್ತಾಗಲ್ಲ” ಎಂದು ಸಾಹೇಬರು ನಿಟ್ಟುಸಿರು ಬಿಟ್ಟು ಹೆಂಡತಿಗೆ ಮೊಬೈಲು ತೋರಿಸಿದರು. “ಆದ್ರೂ ನೀರು ಎಷ್ಟು ಚೆನ್ನಾಗಿ ಹರಡಿದೆ ನೋಡೇ. ಛತ್ರಿ ಬಿಚ್ಚಿದ ಹಾಗಿದೆ.”

ಕೋಟು ವಾಪಸು ಕೇಳಲು ಬಂದ ಬಾಮೈದ ಹಿಂದಿನಿಂದ ಇಣುಕಿದ.

“ಅಕ್ಕಾ! ಇದು ನನ್ನ ಕೋಟು! ಲೋಕವೆಲ್ಲ ಸುತ್ತುತ್ತಾ?”

ಭಾವ ಬೇಡ ಬೇಡ ಎನ್ನುವಷ್ಟರಲ್ಲಿ ಪೋಸ್ಟರ್ ನೆಂಟರಿಷ್ಟರಿಗೆಲ್ಲ ಹೋಗಿಯಾಗಿತ್ತು. ಕೆಳಗೆ ಅವನದೇ ಒಕ್ಕಣೆ: ‘ಈ ಹೆಸರಾಂತ ಕೋಟು ನನ್ನದು. ಹಿಂದೆ ಅಡಗಿರುವವರು ನಮ್ಮ ನಲ್ಲಿ ಸಾಹೇಬರು.’