ವರಲಕ್ಷ್ಮಿಗಾರಿಗೆ ಕಟ್ಟಿದ ಮರೆ

ಬ್ಯಾಂಕಿನಲ್ಲಿ ನನ್ನ ಕೆಲಸ ಬೇರೆಯವರ ಕಟ್ಟಡಗಳಲ್ಲಿ ತಪ್ಪು ಹುಡುಕುವುದು. ಸಾಲ ಕೇಳಿ ಬಂದವರ ಮನೆ, ಗೋದಾಮು, ಕೋಳಿ ಫಾರಂ, ಎಲ್ಲದರ ಮುಂದೆಯೂ ಕೈ ಹಿಂದೆ ಕಟ್ಟಿ ನಿಂತು, "ಇಲ್ಲಿ ಗಾಳಿ ಸಾಲದು", "ಅಲ್ಲಿ ನೀರು ನಿಲ್ಲುತ್ತದೆ" ಎಂದು ತೀರ್ಪು ಕೊಟ್ಟು ಬಂದವನು ನಾನು. ಹೀಗಿರುವಾಗ ನಮ್ಮದೇ ಬಾಡಿಗೆ ಫ್ಲ್ಯಾಟಿನ ಬಾಲ್ಕನಿಯನ್ನು ಸುಧಾರಿಸಲು ಹೊರಟರೆ ಇನ್ನೊಬ್ಬರನ್ನು ಕೇಳಬೇಕೆಂದು ಹೇಗೆ ತಾನೆ ಅನ್ನಿಸೀತು?

ನಾವು ಗದಗಿನ ಕಡೆಯವರು. ವಿಜಯವಾಡದಲ್ಲಿ ಬಹಳ ವರ್ಷ ಇದ್ದು, ಹೋದ ವರ್ಷ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದೆವು. ಮಗಳು ಪಲ್ಲವಿ ಕಾಲೇಜಿನ ಹಾಸ್ಟೆಲಿನಲ್ಲಿ ಅಲ್ಲೇ ಉಳಿದಳು. ಹೆಂಡತಿ ಸುನಂದಾ ಅಲ್ಲಿಯ ಗೆಳತಿಯರನ್ನೆಲ್ಲ ಬಿಟ್ಟು ನನ್ನ ಹಿಂದೆ ಬಂದಳು. ವರ್ಗದ ಆದೇಶದಲ್ಲಿ ಅಧಿಕಾರಿ ಎಲ್ಲಿ, ಯಾವಾಗ ಹಾಜರಾಗಬೇಕೆಂದು ಸ್ಪಷ್ಟವಾಗಿ ಬರೆದಿರುತ್ತದೆ. ಅಧಿಕಾರಿಯ ಹೆಂಡತಿ ಎಲ್ಲಿ ಹಾಜರಾಗಬೇಕೆಂದು ಯಾರೂ ಬರೆಯುವುದಿಲ್ಲ. ನನಗೆ ಹೋದ ದಿನವೇ ಕುರ್ಚಿ, ಮೇಜು, ನಮಸ್ಕಾರ ಹಾಕುವ ಜನ ಸಿಕ್ಕರು. ಸುನಂದಾಗೆ ಮಧುರವಾಡದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಗೋಡೆಗಳು ಸಿಕ್ಕವು. ಮೊದಲ ಕೆಲವು ತಿಂಗಳು ಆಕೆ ಹಾಲಿನವನ ಜೊತೆ ಬಿಟ್ಟರೆ ಯಾರೊಂದಿಗೂ ಮಾತಾಡಿದ್ದು ನಾನು ಕೇಳಲಿಲ್ಲ.

ಆಮೇಲೆ ಬಾಲ್ಕನಿ ಕೈಹಿಡಿಯಿತು. ನಮ್ಮ ಬಾಲ್ಕನಿಗೂ ಪಕ್ಕದ ಮನೆಯ ಬಾಲ್ಕನಿಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಆ ಕಡೆ ವರಲಕ್ಷ್ಮಿಗಾರು, ನಿವೃತ್ತ ಶಾಲಾ ಶಿಕ್ಷಕಿ. ಈ ಕಡೆ ಸುನಂದಾ. ಮಾತು ಒಣಹಾಕುವ ಬಟ್ಟೆಯಿಂದ ಶುರುವಾಗಿ ಮಂಡಿ ನೋವಿಗೆ ಹೋಯಿತು, ಅಲ್ಲಿಂದ ಅಡುಗೆಗೆ ಬಂತು. ಈ ಕಡೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹೋದರೆ ಆ ಕಡೆಯಿಂದ ಗೋಂಗೂರ ಪಚ್ಚಡಿ ಬರುತ್ತಿತ್ತು. ಇವಳ ತೆಲುಗು ಅರ್ಧ, ಅವರ ಕನ್ನಡ ಸೊನ್ನೆ. ಆದರೂ ಇಬ್ಬರೂ ನಗುವ ಸದ್ದು ನಡುಮನೆಯವರೆಗೆ ಕೇಳಿಸುತ್ತಿತ್ತು. ಸಂಜೆ ನಾನು ಮನೆಗೆ ಬಂದು ಬಾಲ್ಕನಿಗೆ ಇಣುಕಿದರೆ ಒಗೆದ ಸೀರೆ, ವಾಷಿಂಗ್ ಮಷೀನು, ತುಳಸಿ ಕುಂಡ, ಮುರಿದ ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಸುನಂದಾ. ನನಗೆ ಕಾಲಿಡಲು ಜಾಗವಿಲ್ಲ.

ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ, ಮನಸ್ಸು ಮಾಡಿ ನೋಡಿದರೆ, ಒಂದು ಚೂರು ಸಮುದ್ರ ಕಾಣುತ್ತಿತ್ತು. ಇಂಥ ಆಯಕಟ್ಟಿನ ಸ್ಥಳ ಹೀಗೆ ದುರ್ಬಳಕೆಯಾಗುವುದನ್ನು ಕಂಡು ನನ್ನೊಳಗಿನ ಪರಿಶೀಲನಾಧಿಕಾರಿ ಎದ್ದು ನಿಂತ. ಫೋನಿನಲ್ಲಿ ಸಣ್ಣ ಬಾಲ್ಕನಿಗಳ ವಿಡಿಯೋ ನೋಡತೊಡಗಿದೆ. ಎಲ್ಲದರಲ್ಲೂ ಹಸಿರು ಹಾಸು, ತೂಗುಕುರ್ಚಿ, ಹಬೆಯಾಡುವ ಚಹಾದ ಕಪ್ಪು. ಒಂದರಲ್ಲೂ ಒಗೆದ ಲಂಗ ಇರಲಿಲ್ಲ.

ಅಷ್ಟರಲ್ಲಿ ಪಲ್ಲವಿಗೆ ಜ್ವರ ಬಂದು ಸುನಂದಾ ವಿಜಯವಾಡಕ್ಕೆ ಹೋದಳು. ಅವಳು ಬರುವಷ್ಟರಲ್ಲಿ ಎಲ್ಲ ಮುಗಿಸಿ ಬೆರಗುಗೊಳಿಸಬೇಕೆಂದು ತೀರ್ಮಾನಿಸಿದೆ. ರಜೆ ಹಾಕಿದೆ. ಮಗಳ ಜ್ವರಕ್ಕೆ ರಜೆ ಸಿಗದವನಿಗೆ ಬಾಲ್ಕನಿಗೆ ಹೇಗೆ ಸಿಕ್ಕಿತೆಂದು ದಯವಿಟ್ಟು ಕೇಳಬೇಡಿ, ಸುನಂದಾ ಕೇಳಿಯಾಗಿದೆ.

ಬಟ್ಟೆಯ ತಂತಿ ಬಿಚ್ಚಿಸಿದೆ. ತುಳಸಿಯನ್ನು ಅಡುಗೆಮನೆಯ ಕಿಟಕಿಗೆ ಸಾಗಿಸಿದೆ. ಮುರಿದ ಸ್ಟೂಲನ್ನು ಕೆಳಗಿನ ಕಸದ ಡಬ್ಬಿಗೆ ಸ್ವಹಸ್ತದಿಂದ ಸಮರ್ಪಿಸಿದೆ. ವಾಷಿಂಗ್ ಮಷೀನಿಗೆ ಹಲಗೆಯ ಪೆಟ್ಟಿಗೆ ಮಾಡಿಸಿ ಮುಚ್ಚಿದೆ. ನೆಲಕ್ಕೆ ಗೋಡೆಯಿಂದ ಗೋಡೆಗೆ ಪ್ಲಾಸ್ಟಿಕ್ ಹುಲ್ಲಿನ ಹಾಸು ಅಂಟಿಸಿದೆ. ಮೂಲೆಯಲ್ಲಿ ನೀರು ಹೋಗುವ ಕಿಂಡಿಯಿತ್ತು. ಜಿರಳೆ ಬರುವ ದಾರಿ ಅದೇ ಎಂದು ಅದರ ಮೇಲೂ ಗಟ್ಟಿಯಾಗಿ ಅಂಟಿಸಿದೆ. ಚಾವಣಿಗೆ ಕೊಕ್ಕೆ ಹಾಕಿಸಿ ತೂಗುಕುರ್ಚಿ ತೂಗುಬಿಟ್ಟೆ. ಸಮುದ್ರದ ಕಡೆ ಮುಖ ಮಾಡಿ ಕೂತರೆ ಮಂಡಿ ಕಂಬಿಗೆ ಬಡಿಯುತ್ತಿತ್ತು. ಹಾಗಾಗಿ ಪಕ್ಕಕ್ಕೆ ತಿರುಗಿ ಕೂರಬೇಕಾಯಿತು. ಪಕ್ಕಕ್ಕೆ ತಿರುಗಿದರೆ ನೇರ ಎದುರಿಗೆ ವರಲಕ್ಷ್ಮಿಗಾರ ಬಾಲ್ಕನಿ, ಅಲ್ಲಿ ಅವರು, ಇಲ್ಲಿ ಬನಿಯನ್ನಿನಲ್ಲಿ ನಾನು. ಅವರು, "ವಂಟ ಅಯಿಂದಾ ಮ್ಯಾನೇಜರುಗಾರೂ?" ಎಂದು ಕೇಳಿದರು. ಅಡುಗೆ ಆಯಿತಾ ಎಂದು. ಹೆಂಡತಿ ಊರಿಗೆ ಹೋದ ಗಂಡಸನ್ನು ವಿಚಾರಿಸಿಕೊಳ್ಳುವ ಒಳ್ಳೆಯ ಮಾತು ಅದು. ನನಗೆ ಮಾತ್ರ ಖಾಸಗಿತನಕ್ಕೆ ಧಕ್ಕೆ ಬಂದಂತಾಯಿತು.

ಮರುದಿನವೇ ಕಬ್ಬಿಣದ ಚೌಕಟ್ಟಿಗೆ ಬಿದಿರಿನ ತಟ್ಟಿ ಕೂಡಿಸಿ, ನಡುಗೋಡೆಯ ಮೇಲೆ ಚಾವಣಿಯವರೆಗೂ ಬೋಲ್ಟು ಹಾಕಿಸಿ ನಿಲ್ಲಿಸಿದೆ. ಡ್ರಿಲ್ ಮಷೀನಿನ ಸದ್ದು ನಿಂತಾಗ ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಎಷ್ಟು ಪ್ರಶಾಂತ ಎಂದುಕೊಂಡೆ.

ಸುನಂದಾ ಬಂದಳು. ಚೀಲ ಕೆಳಗಿಡುವ ಮುಂಚೆಯೇ ಅವಳ ಕಣ್ಣನ್ನು ಕೈಯಿಂದ ಮುಚ್ಚಿ ಕರೆದುಕೊಂಡು ಹೋಗಿ ಬಾಲ್ಕನಿಯಲ್ಲಿ ನಿಲ್ಲಿಸಿದೆ. ಕೈ ತೆಗೆದೆ. ಆಕೆ ಹಾಸು ನೋಡಿದಳು, ಕುರ್ಚಿ ನೋಡಿದಳು, ತಟ್ಟಿ ನೋಡಿದಳು.

"ಅವರು ಎಲ್ಲ್ಯದಾರ?" ಎಂದಳು.

"ಯಾರು?"

"ವರಲಕ್ಷ್ಮಿಗಾರು."

"ಅವರ ಮನ್ಯಾಗ ಅದಾರ. ಈಗ ನೋಡು, ಎಷ್ಟ ಪ್ರೈವಸಿ."

"ಯಾರಿಗ್ರೀ?"

"ಒಂದ್ ವಾರ ಕುಂತು ನೋಡು, ರೂಢಿ ಆಗತೈತಿ" ಎಂದೆ. ಆಕೆ ಸ್ಟೂಲು ಎಲ್ಲಿ ಎಂದು ಕೇಳಿದಳು. ಹೇಳಿದೆ. ಆಕೆ ಚೀಲ ಎತ್ತಿಕೊಂಡು ಒಳಗೆ ಹೋದಳು. ಹೋಗುವ ಮುಂಚೆ ತಟ್ಟಿಗೆ ಬಾಯಿ ಹತ್ತಿರ ತಂದು "ಅಕ್ಕಾ" ಎಂದು ಕರೆದಳು. ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

ಮರುದಿನ ಬೆಳಿಗ್ಗೆ ನನ್ನ ಪೆಟ್ಟಿಗೆಯ ಅನುಕೂಲ ತೋರಿಸಲೆಂದು ನಾನೇ ಬಟ್ಟೆ ತುಂಬಿ ಮಷೀನು ಹಾಕಿದೆ. ನೀರು ಹೊರಬಂತು. ಹೊರಬಂದ ನೀರು ತನ್ನ ಕಿಂಡಿಯನ್ನು ಹುಡುಕಿತು. ಸಿಗಲಿಲ್ಲ. ನಡುಗೋಡೆಯ ಬುಡದಲ್ಲಿ ಒಂದು ತೂತಿತ್ತು, ಪಕ್ಕದ ಮನೆಯ ನೀರೂ ನಮ್ಮ ಕಿಂಡಿಗೇ ಬಂದು ಸೇರಲೆಂದು ಬಿಟ್ಟದ್ದು. ನೀರಿಗೆ ವಿದ್ಯೆಯಿಲ್ಲ, ಆದರೆ ದಾರಿ ಗೊತ್ತು. ಸೋಪಿನ ನೊರೆ ಸಮೇತ ಅದು ಆ ತೂತಿನಿಂದ ವರಲಕ್ಷ್ಮಿಗಾರ ಬಾಲ್ಕನಿಗೆ ಹೋಯಿತು.

ಅಲ್ಲಿ ಬಟ್ಟೆ ಹಾಸಿ ವಡಿಯಾಲು ಒಣಗಲು ಹಾಕಿದ್ದರು. ವಡಿಯಾಲು ಎಂದರೆ ನಮ್ಮ ಸಂಡಿಗೆಯ ಅಕ್ಕ. ಬೂದುಗುಂಬಳ ಹೆಚ್ಚಿ, ಉದ್ದು ರುಬ್ಬಿ, ಸೊಂಟ ನೋಯುವವರೆಗೂ ಕೂತು ಇಡಬೇಕು. ಅದರಲ್ಲಿ ಅರ್ಧ ಪಲ್ಲವಿಯ ಹಾಸ್ಟೆಲಿಗೆಂದು ಅವರು ಸುನಂದಾಗೆ ಮಾತು ಕೊಟ್ಟಿದ್ದರು. ಇದು ನನಗೆ ಆಮೇಲೆ ಗೊತ್ತಾಯಿತು. ನನಗೆ ಎಲ್ಲವೂ ಆಮೇಲೆಯೇ ಗೊತ್ತಾಗುವುದು.

"ನಾ ಹೋಗಿ ಹೇಳತೀನಿ" ಎಂದು ಸುನಂದಾ ಸೆರಗು ಸರಿಮಾಡಿಕೊಂಡಳು.

"ಬ್ಯಾಡ. ತಪ್ಪು ನಂದು, ನಾನ ಹೋಗತೀನಿ. ನಿನ್ನ ಅರ್ಧ ತೆಲುಗಿನ್ಯಾಗ ಹೇಳೂ ವಿಷಯ ಅಲ್ಲ ಇದು" ಎಂದೆ.

ತೆಲುಗಿನಲ್ಲಿ ಸಾಲ ಮಂಜೂರು ಮಾಡಿದವನು ನಾನು. ತೆಲುಗಿನಲ್ಲೇ ಸಾಲ ನಿರಾಕರಿಸಿದವನು. ಅಂಗಿ ಹಾಕಿಕೊಂಡು ಹೋಗಿ ಬೆಲ್ ಒತ್ತಿದೆ. ವರಲಕ್ಷ್ಮಿಗಾರು ಬಾಗಿಲು ತೆರೆದರು. ಒದ್ದೆ ಸೀರೆಯ ಅಂಚು ಎತ್ತಿ ಸಿಕ್ಕಿಸಿದ್ದರು, ಕೈಯಲ್ಲಿ ನೊರೆ ಹತ್ತಿದ ಹಿಟ್ಟು.

ನನಗೆ ಹೇಳಬೇಕಾಗಿದ್ದುದು ಇಷ್ಟೇ. ಅದು ಜಗಳದ ಗೋಡೆಯಲ್ಲ, ಬರೀ ಒಂದು ಮರೆ. ನಿಮಗೂ ಅನುಕೂಲವಾಗಲೆಂದು ತುಸು ದೊಡ್ಡದಾಗಿ ಕಟ್ಟಿಸಿದೆ. ಮರೆಗೆ ತೆಲುಗಿನಲ್ಲಿ ಮರುಗು ಎನ್ನುತ್ತಾರೆ, ಗೊತ್ತಿತ್ತು. ದೊಡ್ಡದಕ್ಕೆ ಪೆದ್ದದಿ ಎನ್ನಬೇಕು, ಅದೂ ಗೊತ್ತಿತ್ತು. ಆದರೆ ಆ ಹಿಟ್ಟು ನೋಡಿ ಗಾಬರಿಯಾಗಿ ನಾಲಿಗೆ ಅರ್ಧ ದಾರಿಯಲ್ಲಿ ಗದಗಿಗೆ ತಿರುಗಿತು.

"ಕ್ಷಮಿಂಚಂಡಿ" ಎಂದು ಶುರುಮಾಡಿದೆ. "ಮೀ ವೈಪು ಮರುಗು ದೊಡ್ಡಿ... ಕಟ್ಟಾನಂಡಿ. ಮೀ ಕೋಸಮೇ."

ಅವರು ಒಮ್ಮೆ ನನ್ನನ್ನು ನೋಡಿದರು. ಒಮ್ಮೆ ತಿರುಗಿ ಬಾಲ್ಕನಿಯ ನೀರನ್ನು ನೋಡಿದರು. ನಾನು ಒತ್ತು ಕೊಟ್ಟು ಇನ್ನೊಮ್ಮೆ ಅದನ್ನೇ ಹೇಳಿದೆ. "ಸರೇನಂಡಿ" ಎಂದು ಅವರು ಬಾಗಿಲನ್ನು ಮೆಲ್ಲಗೆ ಹಾಕಿಕೊಂಡರು. ಮೆಲ್ಲಗೆ ಹಾಕಿದ್ದರಿಂದ ವಿಷಯ ಬಗೆಹರಿಯಿತೆಂದು ತಿಳಿದು ಮನೆಗೆ ಬಂದೆ.

ಮಧ್ಯಾಹ್ನ ಪಲ್ಲವಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವಳಿಗೆ ಈಗ ಕನ್ನಡಕ್ಕಿಂತ ತೆಲುಗೇ ಸಲೀಸು.

"ಅಪ್ಪಾ, ನೀವು ಏನಂದ್ರಿ, ಮತ್ತೊಮ್ಮೆ ಹೇಳ್ರಿ."

ಹೇಳಿದೆ.

"ಮರುಗುದೊಡ್ಡಿ ಅಂದ್ರ ಪಾಯಖಾನೆ ಅಪ್ಪಾ. ಬಸ್ ಸ್ಟ್ಯಾಂಡಿನ್ಯಾಗ ಬೋರ್ಡ್ ಇರತೈತಲ್ಲ. ‘ನಿಮ್ಮ ಕಡೆ ಪಾಯಖಾನೆ ಕಟ್ಟೀನಿ, ನಿಮಗೋಸ್ಕರಾನ’ ಅಂದೀರಿ ನೀವು." ಅವಳು ನಕ್ಕಳು. ತುಂಬ ಹೊತ್ತು ನಕ್ಕಳು. ಆಮೇಲೆ ಒಮ್ಮೆಲೇ ನಿಲ್ಲಿಸಿ, "ಅಮ್ಮ ಈಗ ಯಾರ ಜೋಡಿ ಮಾತಾಡ್ತಾಳ?" ಎಂದು ಕೇಳಿದಳು.

ನಾನು ನೆಟ್‌ವರ್ಕ್ ಸರಿಯಿಲ್ಲ ಎಂದೆ.

ಸಂಜೆಯ ಹೊತ್ತಿಗೆ ಆ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ತಟ್ಟಿಯ ಸಂದಿಯಲ್ಲಿ ಇಣುಕಿದರೆ ಎಲ್ಲ ನೀಲಿ. ವರಲಕ್ಷ್ಮಿಗಾರು ತಮ್ಮ ಕಡೆ ತಮ್ಮದೇ ಚೌಕಟ್ಟು ನಿಲ್ಲಿಸಿ ಉದ್ದಕ್ಕೂ ಟಾರ್ಪಾಲು ಹೊಡೆಸಿದ್ದರು. ಬುಡದ ತೂತಿಗೆ ಸಿಮೆಂಟು ಮೆತ್ತಿಸಿದ್ದರು. ಪಾಯಖಾನೆಯ ಪಕ್ಕ ವಾಸಿಸುವ ಯಾವ ಮರ್ಯಾದಸ್ಥರೂ ಮಾಡುವ ಕೆಲಸವೇ ಅದು.

ಸುನಂದಾ ಅವರ ಮನೆಗೆ ಹೋದಳು. ರೊಟ್ಟಿಯ ಡಬ್ಬಿ ಹಿಡಿದು, ಮುಂಬಾಗಿಲಿನಿಂದ, ಚಪ್ಪಲಿ ಬಿಚ್ಚಿ. ಅಷ್ಟು ದಿನದ ಸ್ನೇಹದಲ್ಲಿ ಆ ಮನೆಯ ಮುಂಬಾಗಿಲನ್ನು ಆಕೆ ತಟ್ಟಿದ್ದು ಅದೇ ಮೊದಲು. ಬೇಗ ವಾಪಸು ಬಂದಳು.

"ಏನಂದ್ರು? ತಿಳಿಸಿ ಹೇಳಿದೀ?" ಎಂದು ಕೇಳಿದೆ.

"ಎಲ್ಲಾ ಹೇಳಿದೆ. ಅವರೂ ನಕ್ಕರು. ‘ಪರ್ವಾಲೇದು’ ಅಂದ್ರು. ಸೋಫಾದ ಮ್ಯಾಲ ಕುಂದರ್ಸಿ ಬಿಸ್ಕೀಟು ಕೊಟ್ರು."

"ಮತ್ತ ಮುಗೀತಲ್ಲ."

"ಹೌದು, ಮುಗೀತು." ಆಕೆ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. "ಇಷ್ಟ ದಿನಾ ನನಗ ‘ನುವ್ವು’ ಅಂತಿದ್ರು, ನೀನು ಅಂತ. ಇವತ್ತ ‘ಮೀರು’ ಅಂದ್ರು."

ನಾನು ಮಾನಮರ್ಯಾದೆಯ ಮನುಷ್ಯ. ಬಹುವಚನ ಕೇಳಿದರೆ ಖುಷಿಪಡುವುದು ನನ್ನ ನೌಕರಿಯ ಭಾಗ. ಅಂದು ಮಾತ್ರ ಆ ಮರ್ಯಾದೆ ಕೇಳಿ ತಟ್ಟಿ ಹಾಕಿದವನಿಗೆ ಫೋನ್ ಮಾಡಿದೆ.

ಮರುದಿನವೇ ತಟ್ಟಿ ಬಿಚ್ಚಿಸಿದೆ. ಗೋಡೆಯಲ್ಲಿ ಬೋಲ್ಟಿನ ತೂತುಗಳು ಉಳಿದವು. ಹಾಸು ಕತ್ತರಿಸಿ ಕಿಂಡಿ ಬಿಡಿಸಿದೆ. ಆದರೆ ಆ ಕಡೆಯ ಟಾರ್ಪಾಲು ನನ್ನದಲ್ಲವಲ್ಲ. ಸಮುದ್ರದ ಗಾಳಿ ಜೋರಾದಾಗಲೆಲ್ಲ ಅದು ಹರಿದುಹೋದೀತೆಂದು ಆಸೆಯಿಂದ ನೋಡಿದೆ. ಊರಿನ ಹೋರ್ಡಿಂಗುಗಳೇ ಹಾರಿಹೋದ ದಿನವೂ ಅದು ಅಲುಗಲಿಲ್ಲ. ಶಿಕ್ಷಕಿಯಾಗಿದ್ದವರು, ಕಟ್ಟಿಸಿದರೆ ಸರಿಯಾಗಿ ಕಟ್ಟಿಸುತ್ತಾರೆ. ಬಿಚ್ಚಿ ಎಂದು ಹೇಳಲು ಹೋಗುವಷ್ಟು ತೆಲುಗು ನನ್ನಲ್ಲಿ ಉಳಿದಿಲ್ಲ. ಹಬ್ಬಕ್ಕೆ ಅವರು ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ, ಸುನಂದಾ ಹೋಗುತ್ತಾಳೆ, ತಾಂಬೂಲ ತರುತ್ತಾಳೆ. ಬಟ್ಟೆ ಒಣಹಾಕಲು ಮೇಲಿನ ಟೆರೇಸಿಗೆ ಹೋಗುತ್ತಾಳೆ. ಅಲ್ಲಿ ಗಾಳಿಯಿದೆ, ಬಿಸಿಲಿದೆ, ಯಾರೂ ಇಲ್ಲ.

"ಬಾ, ಬಾಲ್ಕನಿಯಾಗ ಚಾ ಕುಡಿಯೂಣು" ಎಂದು ಕರೆದರೆ, "ನೀವು ಕುಡೀರಿ. ಅದು ನಿಮ್ಮದಲ್ಲೇನು" ಎನ್ನುತ್ತಾಳೆ. ಸಿಟ್ಟಿನಿಂದಲ್ಲ. ಸಿಟ್ಟಾದರೂ ಇದ್ದಿದ್ದರೆ ಜಗಳವಾಡಿ ಅವಳನ್ನೇ ಗೆಲ್ಲಿಸಬಹುದಿತ್ತು.

ಈಗ ನನ್ನ ಬಾಲ್ಕನಿ ಅಪಾರ್ಟ್‌ಮೆಂಟಿನಲ್ಲಿ ಹೆಸರುವಾಸಿ. ಎದುರು ಬ್ಲಾಕಿನವರು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಹೋದ ಭಾನುವಾರ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ನೋಡಲು ಬಂದಿದ್ದರು. ಮೈಸೂರಿನವರು, ಐಟಿಯಲ್ಲಿ ಕೆಲಸ, ಇದೇ ಮಧುರವಾಡದಲ್ಲಿ ಮನೆ ಹಿಡಿದಿದ್ದಾರೆ. ಹುಡುಗ ಹಾಸನ್ನು ಮುಟ್ಟಿ ನೋಡಿದ, ತೂಗುಕುರ್ಚಿಯನ್ನು ತಳ್ಳಿ ನೋಡಿದ.

"ಆ ನೀಲಿ ಬ್ಯಾಕ್‌ಗ್ರೌಂಡ್ ತುಂಬಾ ಚೆನ್ನಾಗಿದೆ ಸಾರ್. ಎಲ್ಲಿ ತಗೊಂಡ್ರಿ?"

"ಅದು ಪಕ್ಕದ ಮನೆಯವರು ಕೊಟ್ಟದ್ದು" ಎಂದೆ.

"ಎಷ್ಟು ಒಳ್ಳೆಯವರು ಸಾರ್" ಎಂದ.

ಹುಡುಗಿ ಮಾತ್ರ ಒಂದು ಮೂಲೆಯಲ್ಲಿ ನಿಂತು ಜಾಗವನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ಒಳಗೆ ಸುನಂದಾ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು.

"ಇಲ್ಲಿ ಇಬ್ಬರು ಆರಾಮಾಗಿ ಕೂತ್ಕೋಬಹುದಾ ಸಾರ್?" ಎಂದು ಕೇಳಿದಳು.

ಒಳಗಿನ ಪಾತ್ರೆಯ ಸದ್ದು ನಿಂತಿತು. ನಾನು ಕೈ ಹಿಂದೆ ಕಟ್ಟಿ, ಬಾಲ್ಕನಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅನುಭವಿಯಂತೆ ಗಂಟಲು ಸರಿಮಾಡಿಕೊಂಡೆ.

"ಒಬ್ಬರಿಗೆ ಧಾರಾಳ" ಎಂದೆ.