ಜೊವೊಟಾದ ಸರಿಸಮ ಚಪ್ಪಾಳೆ

ಲೈಬೀರಿಯಾದ ಹಳ್ಳಿ ಜೊವೊಟಾದಲ್ಲಿ ಚಪ್ಪಾಳೆ ತಟ್ಟುವುದು ಹುಡುಗಾಟದ ಮಾತಲ್ಲ. ಅಂತರ್ಯುದ್ಧದಲ್ಲಿ ಮೇಲುಕೇರಿಯವರು ಒಂದು ಪಡೆಯ ಕಡೆಗಿದ್ದರು, ಕೆಳಕೇರಿಯವರು ಇನ್ನೊಂದರ ಕಡೆಗೆ. ಅಳಿದುಳಿದವರು ನಿರಾಶ್ರಿತರ ಶಿಬಿರಗಳಿಂದ ಮರಳಿದ ಮೇಲೆ ಪಂಚಾಯಿತಿ ಗುಡಿಸಲಲ್ಲಿ ಕೂತು, ರಾಜಿಯ ಗುರುತಿಗೆ ಕೋಲಾಕಾಯಿ ಒಡೆದು ಹಂಚಿಕೊಂಡು ಆಣೆ ಇಟ್ಟರು. ಭಾಷಣಕ್ಕೆ ಯಾರೇ ಬರಲಿ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಚಪ್ಪಾಳೆ ಬೀಳಬಾರದು. ಅಂದಿನಿಂದ ಊರಲ್ಲಿ ಒಬ್ಬರ ಮೇಲೊಬ್ಬರು ಕೈಯೆತ್ತಿಲ್ಲ. ಇಡೀ ಲೈಬೀರಿಯಾದಲ್ಲಿ ಹೀಗೆ ಎದೆತಟ್ಟಿ ಹೇಳಬಲ್ಲ ಊರು ಎಷ್ಟಿವೆಯೋ ನೋಡಿ.

ಈ ಆಣೆಯ ಭಾರವೆಲ್ಲ ಬಿದ್ದದ್ದು ದುಭಾಷಿ ಟೋಕ್ಪಾನ ನಾಲಿಗೆಯ ಮೇಲೆ. ಯುದ್ಧಕಾಲವನ್ನು ಮನ್ರೋವಿಯಾದ ಶಾಲೆಯೊಂದರಲ್ಲಿ ಕಳೆದು ಬಂದವನು ಅವನು. ಇಂಗ್ಲಿಷ್ ಭಾಷಣವನ್ನು ಊರಿನ ಕ್ಪೆಲ್ಲೆ ಮಾತಿಗೆ ತಿರುಗಿಸುವುದು ಅವನ ಕೆಲಸ. ತಾನಿಲ್ಲದಿದ್ದರೆ ಊರಿಗೆ ಕಿವಿಯೇ ಇಲ್ಲ ಎಂದು ಅವನಿಗೆ ಸ್ವಲ್ಪ ಜಂಬವೂ ಇತ್ತು.

ಅವತ್ತು ಅವನ ಗ್ರಹಚಾರ ಕೆಟ್ಟಿತ್ತು. ಚುನಾವಣೆಗೆ ನಿಂತ ಇಬ್ಬರೂ ಒಂದೇ ಬೆಳಿಗ್ಗೆ ಬಂದಿಳಿದರು. ಮುಲ್ಬಾ ಕೆಳಕೇರಿಯವರ ಕಣ್ಮಣಿ, ಗ್ರಿಗ್ಸ್‌ಬಿ ಮೇಲುಕೇರಿಯವರ ಕಣ್ಮಣಿ; ಇಬ್ಬರಿಗೂ ಕ್ಪೆಲ್ಲೆ ಬಾರದು. ಊರ ಪದ್ಧತಿಯಂತೆ ಇಬ್ಬರಿಗೂ ನಿಲುವಂಗಿ ತೊಡಿಸಿ, ಊಟ ಹಾಕಿ, ಒಂದೊಂದು ಬಿಳಿ ಕೋಳಿ ಕೊಟ್ಟದ್ದಾಯಿತು. ಮುಲ್ಬಾನ ಕೋಳಿ ಕೊಂಚ ದಪ್ಪವೆಂದು ಮೇಲುಕೇರಿಯಲ್ಲಿ ಆಗಲೇ ಗೊಣಗಾಟ ಎದ್ದಿತ್ತು.

"ನೋಡ್ಕೊಂಡು ಮಾತಾಡಪ್ಪ ಟೋಕ್ಪಾ," ಎಂದಳು ಊರ ಹಿರಿಯಳಾದ ಗೋರ್ಪು ಅಜ್ಜಿ. "ಇವತ್ತು ಹೆಚ್ಚುಕಮ್ಮಿ ಆಯ್ತೋ, ಮತ್ತೆ ಎರಡು ಊರಾಗೋಗ್ತೀವಿ."

ಮುಲ್ಬಾ ಊರಿನ ಒಗ್ಗಟ್ಟನ್ನು ಹೊಗಳಿ ಚುಟುಕಾಗಿ ಮುಗಿಸಿದ. ಒಳ್ಳೆಯ ಚಪ್ಪಾಳೆ ಬಿತ್ತು. ಆಮೇಲೆ ಗ್ರಿಗ್ಸ್‌ಬಿ ಹಣದುಬ್ಬರದ ಮೇಲೆ ಶುರು ಹಚ್ಚಿಕೊಂಡ. ಅವನ ಕೋಳಿಗೂ ತೂಕಡಿಕೆ ಬಂತು. ಟೋಕ್ಪಾ ಒಂದಕ್ಷರ ಬಿಡದೆ ತಿರುಗಿಸಿ ಹೇಳಿದರೂ ಒಂದು ಕೈಯೂ ಅಲುಗಲಿಲ್ಲ. ತಮ್ಮವನಿಗೆ ಅವಮಾನವಾಯಿತೆಂದು ಮೇಲುಕೇರಿಯ ಗಂಡಸರು ಒಬ್ಬೊಬ್ಬರಾಗಿ ಎದ್ದು ನಿಲ್ಲತೊಡಗಿದರು.

"ಕೊನೇದಾಗಿ ಏನಂತಾರೆ ಅಂದ್ರೆ," ಎಂದು ಟೋಕ್ಪಾ ಗಂಟಲು ಸರಿಮಾಡಿಕೊಂಡ, "ನಮ್ಮ ಹೊಳೆಗೆ ಸೇತುವೆ ಕಟ್ಟಿಸ್ತಾರಂತೆ."

ಚಪ್ಪಾಳೆಗೆ ಗುಡಿಸಲ ಮಾಡು ಹಾರಿಹೋಗುವಂತಾಯಿತು. ಈಗ ಕೆಳಕೇರಿಯವರು ಎದ್ದು ನಿಂತರು.

ಹಣದುಬ್ಬರಕ್ಕೆ ಇಷ್ಟು ಚಪ್ಪಾಳೆಯೇ ಎಂದು ಬೆರಗಾದ ಮುಲ್ಬಾ ಮತ್ತೆ ಮೈಕು ಕಿತ್ತುಕೊಂಡು, ಊಟ ಚೆನ್ನಾಗಿತ್ತು ಎಂದ.

"ಸೇತುವೆಗೆ ಎರಡೂ ಕಡೆ ಕಂಬಿ ಹಾಕಿಸ್ತಾರಂತೆ," ಎಂದ ಟೋಕ್ಪಾ.

ಈ ಸಲ ಚಪ್ಪಾಳೆ ಕೆಳಕೇರಿಯ ಕಡೆ ತುಸು ವಾಲಿತು. ಗ್ರಿಗ್ಸ್‌ಬಿ ಎದ್ದು ಬರೀ ಕೆಮ್ಮಿದ. ಆ ಕೆಮ್ಮಿನಿಂದ ಟೋಕ್ಪಾ ಸೇತುವೆಗೆ ತಗಡಿನ ಚಾವಣಿ ಹೊರತೆಗೆದ. ಅಲ್ಲಿಗೆ ತಕ್ಕಡಿ ಸಮವಾಯಿತು. ತಮ್ಮ ಮಾತಿನ ಮೋಡಿಗೆ ತಾವೇ ಮರುಳಾಗಿ ಇಬ್ಬರೂ ಕಾರು ಹತ್ತಿದರು. ಊರು ಉಳಿಯಿತು. ಟೋಕ್ಪಾನಿಗೆ ಹೆಮ್ಮೆಯಿಂದ ಕಣ್ಣು ಒದ್ದೆಯಾಯಿತು.

"ಸೇತುವೆ ಯಾವಾಗ ಶುರು ಮಾಡ್ತೀಯಪ್ಪ?" ಎಂದಳು ಗೋರ್ಪು ಅಜ್ಜಿ.

"ನಾನಾ? ಹೇಳಿದ್ದು ಅವರಲ್ವಾ ಅಜ್ಜಿ?"

"ಅವರೆಲ್ಲಿ ಹೇಳಿದ್ರು? ಒಬ್ಬ ಊಟ ಚೆನ್ನಾಗಿತ್ತು ಅಂದ, ಇನ್ನೊಬ್ಬ ಕೆಮ್ಮಿದ. ಘಾನಾ ಶಿಬಿರದಲ್ಲಿ ವರ್ಷಗಟ್ಟಲೆ ಇಂಗ್ಲಿಷಲ್ಲೇ ಜಗಳ ಆಡಿ ನೀರು ಹಿಡಿದೋಳು ನಾನು. ಈ ಊರಲ್ಲಿ ಇಂಗ್ಲಿಷ್ ಅರ್ಥ ಆಗದೋರು ಯಾರಿದ್ದಾರೆ?"

"ಮತ್ತೆ ನನ್ನನ್ನ ಯಾಕೆ ಇಟ್ಕೊಂಡಿದ್ದೀರಿ?"

"ಮಾನ ಮರ್ಯಾದೆ ಇರೋ ಊರು ಕಣೋ ಇದು. ಓಟು ಕೇಳೋಕೆ ಬಂದೋರು ನಮ್ಮ ಭಾಷೇಲೂ ಹೇಳಿ ಮುಗಿಯೋವರೆಗೂ ಕಾಯ್ಲಿ ಅಂತ."

"ಹಾಗಾದ್ರೆ ಸುಳ್ಳು ಅಂತ ಗೊತ್ತಿದ್ದೂ ಚಪ್ಪಾಳೆ ತಟ್ಟಿದ್ರಾ?"

"ಸುಳ್ಳು ಯಾಕಾಗುತ್ತೆ? ಅವರು ಹೇಳಿದ್ರೆ ಸುಳ್ಳು, ನಾವು ಚಪ್ಪಾಳೆ ತಟ್ತಾನೇ ಇರ್ಲಿಲ್ಲ. ಹೇಳಿದ್ದು ನಮ್ಮ ಟೋಕ್ಪಾ. ಜೊವೊಟಾದೋನು ಮಾತು ತಪ್ಪಿದ್ದುಂಟಾ?"

ಅವನು ಆಸರೆಗಾಗಿ ಮೇಲುಕೇರಿಯವರ ಮುಖ ನೋಡಿದ, ಕೆಳಕೇರಿಯವರ ಮುಖ ನೋಡಿದ. ಎರಡೂ ಕಡೆಯವರು ಹೆಮ್ಮೆಯಿಂದ ಅವನನ್ನೇ ನೋಡುತ್ತ ತಲೆಯಾಡಿಸಿದರು. ಆ ಆಣೆಯಾದ ಮೇಲೆ ಎರಡೂ ಕೇರಿಯವರು ಒಂದೇ ಮಾತಿಗೆ ಹೂಂಗುಟ್ಟಿದ್ದು ಅದೇ ಮೊದಲು.

ಮರ ಕಡಿಯಲು ಮೇಲುಕೇರಿಯಿಂದ ಒಂದು ಕೊಡಲಿ ಬಂತು, ಕೆಳಕೇರಿಯಿಂದ ಇನ್ನೊಂದು. ಯಾರಿಗೂ ಬೇಸರವಾಗಬಾರದೆಂದು ಟೋಕ್ಪಾ ಎರಡನ್ನೂ ಹೆಗಲಿಗೇರಿಸಿಕೊಂಡು ಹೊಳೆಯ ಕಡೆ ನಡೆದ.