ಪೋಹೆ ಮುಟ್ಟದ ವರ

ಮೀನಲಳ ಮದುವೆಯನ್ನು ಈ ಸಲ ನಾನೇ ಕುದುರಿಸಿ ತೋರಿಸುತ್ತೇನೆಂದು ಒಂದು ದಿನ ಊಟದ ಹೊತ್ತಿನಲ್ಲಿ ಮನೆಮಂದಿಯ ಎದುರು ಘೋಷಿಸಿದೆ. ನಿಲಂಗಾದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಗಿರಾಕಿ ಮೆಟ್ಟಿಲು ಹತ್ತುವ ಧಾಟಿ ನೋಡಿಯೇ ಆಕೆಗೆ ಇಳಕಲ್ಲ ಸೀರೆ ಬೇಕೋ, ಪೈಠಣಿ ಬೇಕೋ ಹೇಳಬಲ್ಲವನು ಈ ವೈಜನಾಥ. ಊರ ಹೆಂಗಸರ ಮನಸ್ಸನ್ನೇ ಅರಿತವನಿಗೆ ಮನೆಯ ಮಗಳ ಮನಸ್ಸು ಯಾವ ಮಹಾ ಲೆಕ್ಕ?

"ಮೀನಲನ ಮನಸನಾಗ ಏನದ ಅಂತ ನಿಮಗ ಗೊತ್ತದ?" ಎಂದು ಕೇಳಿದಳು ಹೆಂಡತಿ ಶುಭಾಂಗಿ.

"ಎಲ್ಲಾ ಗೊತ್ತದ."

"ಆಕಿ ಊಟ ಮುಗಿಸಿ ಎದ್ದು ಹೋಗಿ ಎಷ್ಟೋ ಹೊತ್ತಾಯ್ತು. ಅದು ಗೊತ್ತದ?"

ತಿರುಗಿ ನೋಡಿದೆ. ಮಗಳ ತಾಟು ಖಾಲಿಯಾಗಿತ್ತು, ಮಣೆಯೂ ಖಾಲಿಯಾಗಿತ್ತು. ಘೋಷಣೆಯನ್ನು ಹೆಂಡತಿ ಮತ್ತು ನನ್ನ ತಾಯಿ ಉಮಾಬಾಯಿ ಇಬ್ಬರೇ ಕೇಳಿದ್ದರು. ಅದರಲ್ಲಿ ಅವ್ವನಿಗೆ ಕಿವಿ ಮಂದ.

ಮೀನಲ ದನದ ಡಾಕ್ಟರು. ದೇವಣಿಯ ದವಾಖಾನೆಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಆ ಊರಿನ ಹೋರಿಗಳು ಆಕೆಯ ಮಾತು ಕೇಳುತ್ತವೆ. ಆಕೆ ಮಾತ್ರ ನಮ್ಮ ಮಾತು ಕೇಳುವುದಿಲ್ಲ. ಉಮರ್ಗಾದ ಇಂಜಿನಿಯರನನ್ನು ಬೇಡವೆಂದಳು. ಶಿರೂರ ಅನಂತಪಾಳದ ಪ್ರೊಫೆಸರನನ್ನೂ ಬೇಡವೆಂದಳು. ಕಾರಣ ಕೇಳಿದರೆ, "ಅಪ್ಪಾ, ಅವರು ಮಾತಾಡೋದು ಕೇಳಿದ್ರ ನನಗ ಆಕಳಿಕಿ ಬರ್ತದ" ಅನ್ನುತ್ತಾಳೆ. ಹೀಗಂದರೆ ತಂದೆ ಏನು ಮಾಡಬೇಕು?

ಮರುದಿನ ಮಗಳ ಮಂಚದ ಮೇಲೆ ಒಂದು ದಪ್ಪ ಪುಸ್ತಕ ಮಗುಚಿ ಬಿದ್ದಿದ್ದು ಕಂಡಿತು. ಮರಾಠಿಯದು, ಹೆಸರು 'ಅವಸೇಚಾ ಪಾಹುಣಾ', ಅಂದರೆ ಅಮಾವಾಸ್ಯೆಯ ಅತಿಥಿ. ಕರಿ ಮುಖಪುಟದ ಮೇಲೆ ಒಬ್ಬ ಬಿಳಿಚಿದ ಹುಡುಗ ಕಣ್ಣು ಕೆಕ್ಕರಿಸಿ ನೋಡುತ್ತಿದ್ದ. ಹಿಂಬದಿಯ ರಟ್ಟು ಓದಿದೆ. ಅವನು ಮನುಷ್ಯನಲ್ಲ, ರಕ್ತ ಕುಡಿಯುವ ಪಿಶಾಚಿ. ವಯಸ್ಸು ಮುನ್ನೂರು, ನೋಡಲು ಹದಿನೆಂಟು. ಬಿಸಿಲು ಆಗದು, ಅನ್ನ ಸೇರದು, ನಗು ಬಾರದು. ಕಾಲೇಜಿನ ಒಂದು ಹುಡುಗಿಯ ಮೇಲೆ ಅವನಿಗೆ ಪ್ರೇಮ. ಆಕೆಯ ಮನೆಯೆದುರಿನ ನೀರಿನ ಟಾಕಿಯ ಮೇಲೆ ನಿಂತು ಆಕೆಯನ್ನು ಕಾಯುತ್ತಾನೆ. ಒಳಗೆ ನಾಲ್ಕು ಪುಟ ತಿರುವಿದೆ. ನಾಲ್ಕರಲ್ಲೂ ಅವನು ರೆಪ್ಪೆ ಬಡಿಯದೆ ನೋಡುತ್ತಲೇ ಇದ್ದ. ಇಷ್ಟು ಓದಿದ ಮೇಲೆ ಉಳಿದದ್ದನ್ನು ಓದುವ ಅಗತ್ಯ ನನ್ನಂಥವನಿಗೆ ಇರಲಿಲ್ಲ.

ಸಂಜೆ ಮೀನಲ ಬಂದಾಗ ಸಹಜವಾಗಿ ಕೇಳಿದೆ. "ಆ ಪಿಶಾಚಿ ಪುಸ್ತಕ ಹ್ಯಾಂಗದವಾ?"

"ಕೇಳಬ್ಯಾಡಪ್ಪಾ. ಅದನ್ನ ಓದಿ ನಿನ್ನಿ ನನಗ ನಿದ್ದೀನೇ ಬಂದಿಲ್ಲ."

ಅಷ್ಟು ಸಾಕಾಯಿತು. ಇಂಜಿನಿಯರ, ಪ್ರೊಫೆಸರ ಯಾಕೆ ಬೇಡವಾದರೆಂದು ಕ್ಷಣದಲ್ಲಿ ಹೊಳೆಯಿತು. ಇಬ್ಬರೂ ಹೊಟ್ಟೆ ತುಂಬ ತಿಂದಿದ್ದರು, ಬಾಯಿ ತುಂಬ ಮಾತಾಡಿದ್ದರು.

ಈಗ ನನ್ನ ಕಣ್ಣಿದ್ದದ್ದು ಉದಗೀರದ ನೀಲೇಶನ ಮೇಲೆ. ಅವನ ತಂದೆ ಗುರುಲಿಂಗ ದಾಲ್ ಮಿಲ್ಲಿನ ಸಾವಕಾರ, ನಮ್ಮ ಪರಿಚಯದವರೇ. ಹುಡುಗ ಬಂಗಾರದಂಥವನು. ಒಂದು ಸಲ ಮದುವೆ ಊಟದಲ್ಲಿ ನನ್ನ ಪಕ್ಕದಲ್ಲೇ ಕೂತು ಹೋಳಿಗೆ ತಿನ್ನುತ್ತ ತಿನ್ನುತ್ತ ಇಡೀ ಪಂಕ್ತಿಯನ್ನು ನಗಿಸಿದ್ದ. ದೇವಣಿಯಲ್ಲಿ ಸೋದರಮಾವನ ಆಕಳಿಗೆ ಔಷಧ ಕೊಡಲು ಬಂದ ಮೀನಲಳನ್ನು ಅವನು ಕಂಡಿದ್ದ. ಅಂದಿನಿಂದ ಆ ಆಕಳ ಆರೋಗ್ಯ ವಿಚಾರಿಸಲು ಆಗಾಗ ಹೋಗುತ್ತಾನೆಂದು ಗುರುಲಿಂಗ ಅವರೇ ಹೇಳಿ ನಕ್ಕಿದ್ದರು. ಮೀನಲಳಿಗೆ ಮಾತ್ರ ಆಕಳು ನೆನಪಿತ್ತು, ಇವನಲ್ಲ.

ಹುಡುಗಿ ನೋಡುವ ದಿನ ನಿಶ್ಚಯವಾದ ಮೇಲೆ ನೀಲೇಶನಿಗೆ ಫೋನು ಹಚ್ಚಿದೆ.

"ನೀಲೇಶ, ಬರೋ ಐತವಾರ ನೀ ನಗಬ್ಯಾಡ."

"ಆಂ? ಯಾಕ್ರೀ ಕಾಕಾ?"

"ಮಾತು ಕಡಿಮಿ ಇರಲಿ. ಬಿಸಿಲಿಗಿ ಬರಬ್ಯಾಡ. ಆಕಿ ಮುಂದ ಬಂದು ಕೂತ್ಲು ಅಂದ್ರ ಕಣ್ಣು ಪಿಳುಕಸದಂಗ ನೋಡು. ಮತ್ತ ಏನೂ ತಿನ್ನಬ್ಯಾಡ."

"ಪೋಹೆ ಭೀ?"

"ಪೋಹೆ ಭೀ."

ಹುಡುಗಿ ನೋಡಲು ಬಂದವರ ಮುಂದೆ ಪೋಹೆಯ ಬಶಿ ಇಡುವುದು ನಮ್ಮ ಕಡೆಯ ಪದ್ಧತಿ. ಅವಲಕ್ಕಿ, ಉಳ್ಳಾಗಡ್ಡಿ, ಶೇಂಗಾ, ಮೇಲೆ ಕೊತ್ತಂಬರಿ. ಆ ಕಡೆಯಿಂದ ದೊಡ್ಡ ಉಸಿರು ಕೇಳಿಸಿತು.

"ಕಾಕಾ, ಹಸಗೊಂಡ್ರ ನನಗ ತಲಿ ತಿರಗ್ತದ್ರಿ."

"ಪ್ರೇಮದಾಗ ತಲಿ ತಿರಗಬೇಕಪ್ಪಾ. ಆಕಿ ಓದೋ ಪುಸ್ತಕದಾಗ ಹಂಗೇ ಅದ. ಅದನ್ನ ನೀ ಭೀ ತಗೊಂಡು ಓದು."

ಪಾಪ, ಹುಡುಗ ಒಪ್ಪಿಕೊಂಡ. ಮೀನಲ ಸಿಗುವುದಾದರೆ ಏನನ್ನಾದರೂ ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ಅವನಿದ್ದ.

ಐತವಾರ ಮಧ್ಯಾಹ್ನ ಬಾಗಿಲ ಮುಂದೆ ಕಾರು ನಿಂತಿತು. ಗುರುಲಿಂಗ ಇಳಿದರು, ಅವರ ಪತ್ನಿ ಸುಮಿತ್ರಾಬಾಯಿ ಇಳಿದರು. ಆಮೇಲೆ ಕಾರಿನ ಬಾಗಿಲಿನಿಂದ ಮೊದಲು ಒಂದು ಛತ್ರಿ ಹೊರಬಂತು, ಅದರ ಕೆಳಗೆ ಕರಿ ಕನ್ನಡಕ ಹಾಕಿದ ನೀಲೇಶ. ಅಂಗಳದಲ್ಲಿ ಕೂತಿದ್ದ ಅವ್ವ ಮುಗಿಲು ನೋಡಿದಳು. ಒಂದು ಮೋಡವಿರಲಿಲ್ಲ.

"ಮಳಿ ಎಲ್ಲದಪ್ಪಾ?" ಎಂದಳು.

ನೀಲೇಶ ಉತ್ತರ ಕೊಡದೆ ಒಳಗೆ ಬಂದು ಕಿಟಕಿಯಿಂದ ದೂರ, ಕತ್ತಲಿದ್ದ ಮೂಲೆಯ ಕುರ್ಚಿಯಲ್ಲಿ ಕೂತ. ನನಗೆ ಮನಸ್ಸಿನಲ್ಲೇ ಹಿಗ್ಗು. ಹುಡುಗ ಪಾಠ ಚೆನ್ನಾಗಿ ಮಾಡಿಕೊಂಡು ಬಂದಿದ್ದ.

ಮೀನಲ ಪೋಹೆಯ ತಟ್ಟೆ ಹಿಡಿದು ಬಂದಳು. ನೀಲೇಶ ಕನ್ನಡಕ ತೆಗೆದು ಆಕೆಯನ್ನು ನೋಡತೊಡಗಿದ. ರೆಪ್ಪೆ ಬಡಿಯಲಿಲ್ಲ. ನೋಡುತ್ತ ನೋಡುತ್ತ ಕಣ್ಣು ಕೆಂಪಾದವು, ಕೆಂಪಾಗಿ ನೀರು ಸುರಿಯತೊಡಗಿತು.

"ತಗೋರಿ," ಎಂದು ಮೀನಲ ಬಶಿ ಮುಂದಿಟ್ಟಳು.

"ನನಗ ಹಸಿವಿ ಅನ್ನೋದು ಇಲ್ಲ," ಎಂದ ನೀಲೇಶ, ಬಾವಿಯೊಳಗಿಂದ ಬಂದಂಥ ದನಿಯಲ್ಲಿ.

ಸುಮಿತ್ರಾಬಾಯಿಗೆ ಗಾಬರಿಯಾಯಿತು. "ಬೆಳಗಿನಿಂದ ಹಿಂಗೇ ಮಾಡಲತ್ಯಾನ್ರಿ. ಭಾಕರಿ ಭೀ ಮುಟ್ಟಿಲ್ಲ. ಜ್ವರ ಬಂದಿದ್ರ ಭೀ ಅಂವಾ ಊಟ ಬಿಟ್ಟಾಂವಲ್ಲ."

ಮೀನಲ ಕುರ್ಚಿ ಸ್ವಲ್ಪ ಹಿಂದೆ ಸರಿಸಿ, ವರನನ್ನು ನಾಲಗೆಯಿಂದ ಪಾದದವರೆಗೆ ಪರೀಕ್ಷಿಸುವ ಹಾಗೆ ನೋಡಿದಳು. ಆಮೇಲೆ ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದಳು: "ಅಪ್ಪಾ, ಬೆಳಕು ತಡ್ಕೊಳಂಗಿಲ್ಲ, ಮೇವು ಬಿಟ್ಟದ, ಕಣ್ಣು ನೆಟ್ಟಾವ. ದನಕ್ಕ ಹಿಂಗಾಗಿದ್ರ ನಾವು ಮೊದಲ ಹಗ್ಗ ಕಟ್ತೀವಿ. ಇವರಿಗಿ ನಾಯಿ ಕಚ್ಚ್ಯದೇನು ಕೇಳು."

"ಸುಮ್ಮನಿರವಾ. ಮಾಳಗಿ ಮ್ಯಾಲ ಹೋಗಿ ಇಬ್ಬರೂ ಮಾತಾಡ್ರಿ," ಎಂದು ಇಬ್ಬರನ್ನೂ ಕಳಿಸಿದೆ. ಮಾತಿಗೆ ಶುರುವಾದರೆ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯ ನನಗಿತ್ತು.

ಗುರುಲಿಂಗ ಒಂದು ಚಮಚ ಪೋಹೆ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಮೀನಲ ಧಡಧಡ ಇಳಿದು ಬಂದಳು. ಹಿಂದೆ ಗೋಡೆ ಹಿಡಿದುಕೊಂಡು ನೀಲೇಶ.

"ಈ ಸ್ಥಳ ನನಗ ಬ್ಯಾಡ," ಎಂದು ಎಲ್ಲರೆದುರಿಗೇ ಸಂಬಂಧ ನಿರಾಕರಿಸಿದಳು. "ನೀವು ದೇವಣಿಗಿ ಬಸ್ಸಿನಾಗ ಹೋಗಬ್ಯಾಡ್ರಿ, ನಾ ಹಿಂದಿಂದ ಗಾಡಿ ತಗೊಂಡು ಕಾಯ್ಕೋತ ಬರ್ತೀನಿ ಅಂತಾರ. ನಮ್ಮ ಮನಿ ಮುಂದಿನ ನೀರಿನ ಟಾಕಿ ಮ್ಯಾಲ ನಿಂತು ನಾ ಮಲಗೋದು ನೋಡ್ತಾರಂತ. ಟಾಕಿ ಹತ್ತಿದ್ರ ನಾ ಪೊಲೀಸರಿಗಿ ಫೋನ್ ಹಚ್ತೀನಿ, ಹೇಳೀನಿ."

ಸುಮಿತ್ರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗುರುಲಿಂಗರ ಚಮಚ ಗಾಳಿಯಲ್ಲೇ ನಿಂತಿತು. ನೀಲೇಶ ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಹೇಳಿದ:

"ಎಲ್ಲಾ ಕಾಕಾ ಹೇಳಿಕೊಟ್ಟಾರ್ರಿ. ನಿಮಗ ಆ ಪುಸ್ತಕದ ಹುಡುಗ ಸೇರ್ತಾನಂತ ಹೇಳಿದ್ರು."

ಮನೆಗೆ ಮನೆಯೇ ನನ್ನತ್ತ ತಿರುಗಿತು.

"ನನಗ?" ಎಂದಳು ಮೀನಲ. "ಅಪ್ಪಾ, ಅದನ್ನ ಓದಿ ನನಗ ಸಿಟ್ಟಿಗಿ ನಿದ್ದಿ ಬಂದಿಲ್ಲ. ಮುನ್ನೂರು ವರ್ಷ ಬದುಕ್ಯಾನ, ಒಂದು ಹುಡುಗಿ ಜೋಡಿ ನೆಟ್ಟಗ ಮಾತಾಡ್ಲಿಕ್ಕ ಬರಂಗಿಲ್ಲ. ಆಕಿ ಪರಊರಿಗಿ ಪರೀಕ್ಷಾಕ್ಕ ಹೋಗಬಾರದು ಅಂತ ಬಸ್ಸಿನ ಪಾಸ್ ಮುಚ್ಚಿಡ್ತಾನ. ಕೇಳಿದ್ರ ನಿನ್ನ ಸುರಕ್ಷಾ ಸಲವಾಗಿ ಅಂತಾನ. ಅದು ಪ್ರೇಮ ಏನು?"

"ಹಂಗಾದ್ರ ಆ ಪುಸ್ತಕ ಯಾರದು?" ಎಂದೆ.

"ನಂದು," ಎಂದಳು ಶುಭಾಂಗಿ.

ಕೇಳಿದವರು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುಮಿತ್ರಾಬಾಯಿ ಕುರ್ಚಿಯ ತುದಿಗೆ ಬಂದರು. "ನೀವು ಓದೀರಿ? ನಮ್ಮ ಮಹಿಳಾ ಮಂಡಳದಾಗ ಭೀ ಎಲ್ಲಾರೂ ಓದ್ಯಾರ. ನಾ ಅಂತೂ ನಡುವ ಬಿಸಾಕಿದೆ. ಆ ಹುಡುಗಿ ಅವನ ಸಲವಾಗಿ ಅಪ್ಪ ಅವ್ವನ ಬಿಡ್ತಾಳ, ಊರು ಬಿಡ್ತಾಳ, ಕಡೀಕ ಜೀವಾ ಭೀ ಬಿಡ್ಲಿಕ್ಕ ತಯಾರಾಗ್ತಾಳ. ಇದು ಹೆಣ್ಣಮಕ್ಕಳು ಓದೋ ಪುಸ್ತಕ ಅಲ್ಲ."

"ಪೂರಾ ಓದದೇ ಹ್ಯಾಂಗ ಹೇಳ್ತೀರಿ?" ಶುಭಾಂಗಿಯ ದನಿ ಏರಿತು. "ಎದುರಿಗಿ ರಕ್ತ ಅದ, ಹೊಟ್ಟ್ಯಾಗ ಹಸಿವಿ ಅದ, ಆದ್ರೂ ಆಕಿ ಮೈಗಿ ಕೈ ಹಚ್ಚಂಗಿಲ್ಲ. ಅಷ್ಟು ತಡ್ಕೊಳೋ ಗಂಡಸರು ಎಲ್ಲಿ ಸಿಗ್ತಾರ್ರಿ? ಆಕಿ ಸಲವಾಗಿ ಸುಟಗೊಂತ ಬಿಸಿಲಿಗಿ ಬರ್ತಾನ."

"ಬಿಸಿಲಿಗಿ ಬರೋದು ಏನು ದೊಡ್ಡದು? ನಮ್ಮ ಹಮಾಲರು ದಿನಾ ಬರ್ತಾರ."

"ಮಮ್ಮಿ, ಅಂವಾ ಆಕಿನ ಕೊಲ್ಲೋದಿಲ್ಲ ಅನ್ನೋದಕ್ಕ ನೀ ಅವನಿಗಿ ಶಾಬಾಸಕಿ ಕೊಡ್ತಿ?" ಎಂದು ಮೀನಲಳೂ ಸೇರಿಕೊಂಡಳು.

"ನೀ ಸಣ್ಣಾಕಿ, ನಿನಗ ತಿಳಿಯಂಗಿಲ್ಲ."

"ಅದು ಸಣ್ಣವರ ಸಲವಾಗಿ ಬರದ ಪುಸ್ತಕ ಅದ ಮಮ್ಮಿ."

ಇಷ್ಟರಲ್ಲಿ ಅವ್ವನ ಕಿವಿಗೆ ವಿಷಯ ಅರ್ಧಂಬರ್ಧ ಮುಟ್ಟಿ, ಕೋಲೂರಿಕೊಂಡು ಒಳಗೆ ಬಂದಳು. "ಹುಡುಗ ರಕ್ತಾ ಕುಡೀತಾನ? ಶಿವ ಶಿವ. ಈ ಸ್ಥಳ ಬ್ಯಾಡೇ ಬ್ಯಾಡ. ನಮ್ಮ ಮನ್ಯಾಗ ತತ್ತಿ ಭೀ ಮುಟ್ಟಂಗಿಲ್ಲ."

"ಈ ಹುಡುಗ ಅಲ್ಲವ್ವಾ, ಪುಸ್ತಕದ ಹುಡುಗ," ಎಂದೆ.

"ಅವನು ಯಾವ ಊರಾಂವ?"

ಗುರುಲಿಂಗ ನನ್ನ ಮೊಣಕೈ ಹಿಡಿದು ಹೊರಗೆ ಎಳೆದುಕೊಂಡು ಹೋದರು. "ಸಾವಕಾರ್ರ, ವರದಕ್ಷಿಣಿ ಸಲವಾಗಿ ಸ್ಥಳ ಮುರದದ್ದು ಕೇಳೀನಿ. ಕುಂಡಲಿ ಕೂಡಿಲ್ಲ ಅಂತ ಮುರದದ್ದು ಕೇಳೀನಿ. ಭೂತದ ಸಲವಾಗಿ ಮುರೀಲತ್ತದ್ದು ಇದೇ ಮೊದಲು ನೋಡ್ಲತ್ತೀನಿ. ನೀವು ಆ ಪುಸ್ತಕ ಓದೀರೇನು?"

"ರಟ್ಟು ಓದೀನಿ," ಎಂದೆ.

ಅವರು ನನ್ನ ಮೊಣಕೈ ಬಿಟ್ಟು, ಉಳಿದ ಪೋಹೆ ತಿನ್ನಲು ಒಳಗೆ ಹೋದರು.

ಒಳಗೆ ಜಗಳ ಜೋರಾಗಿ ನಡೆದಿತ್ತು. ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಲ್ಲಿ ನೀಲೇಶ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಪಾತೇಲಿಯಿಂದಲೇ ಪೋಹೆ ತಿನ್ನುತ್ತಿದ್ದ. ಪಕ್ಕದಲ್ಲಿ ಮೀನಲ ನಿಂಬೆಹಣ್ಣು ಹಿಂಡುತ್ತಿದ್ದಳು. ತಲೆ ತಿರುಗುತ್ತಿದ್ದವನಿಗೆ ಉಪಚಾರ ಮಾಡಲು ಕರೆತಂದಿರಬೇಕು.

"ಆ ಪುಸ್ತಕ ನೀವು ಎಲ್ಲೀತನಕ ಓದಿದ್ರಿ?" ಎಂದು ಆಕೆ ಕೇಳುತ್ತಿದ್ದಳು.

"ಅವರ ಮನ್ಯಾಗ ಆತಗ ಜೇವಣಕ್ಕ ಕರೀತಾರಲ್ಲ, ಅಲ್ಲೀತನಕರಿ. ಹುಡುಗಿ ಅವ್ವ ಅಷ್ಟೆಲ್ಲಾ ಮಾಡಿಟ್ಟಾಳ, ಈತ ತಾಟು ಸರಸ್ತಾನ. ನನಗ ಮನಸಿಗೇ ಬರ್ಲಿಲ್ಲ. ಅಲ್ಲೇ ಮುಚ್ಚಿ ಮಲಕೊಂಡೆ. ಇನ್ನೊಂದೀಟು ಶೇಂಗಾ ಅವೇನ್ರಿ?"

ಮೀನಲ ನಕ್ಕಳು. ಇಂಜಿನಿಯರನಿಗೂ ಪ್ರೊಫೆಸರನಿಗೂ ಸಿಗದಿದ್ದ ನಗು ಅದು. "ಟಾಕಿ ಮ್ಯಾಲ ಹ್ಯಾಂಗ ಹತ್ತತಿದ್ರಿ?"

"ಹತ್ತತಿರಲಿಲ್ಲರಿ. ನಮ್ಮ ಮಾಳಗಿ ಹತ್ತಿದ್ರೇ ನನಗ ಅಂಜಿಕಿ ಬರ್ತದ."

ಆಕೆ ನನ್ನನ್ನು ಕಂಡು ಹುಬ್ಬೇರಿಸಿದಳು. "ಅಪ್ಪಾ, ಇವರೇ ಮೊದಲ ಯಾಕ ಬರ್ಲಿಲ್ಲ?"

ಮೊದಲು ಬರಬೇಕಾದವನನ್ನು ತಡೆದದ್ದು ನಾನೇ ಎಂದು ಹೇಳುವ ಧೈರ್ಯವಾಗಲಿಲ್ಲ. ನೀರು ಕುಡಿದು ಹೊರಬಂದೆ.

ಸಂಜೆಯ ಹೊತ್ತಿಗೆ ಹುಡುಗಿಯ ಒಪ್ಪಿಗೆ ಸಿಕ್ಕಿತು. ಹುಡುಗನದಂತೂ ಮೊದಲೇ ಇತ್ತು. ಇಬ್ಬರು ಬೀಗಿತ್ತಿಯರು ಮಾತ್ರ ಕಾರಿನ ಬಾಗಿಲ ತನಕ ವಾದ ಮಾಡುತ್ತಲೇ ಹೋದರು. ಕೊನೆಗೆ ಸುಮಿತ್ರಾಬಾಯಿ, "ಪೂರಾ ಓದೇ ಬೈತೀನಿ, ಕೊಡ್ರಿ ಇಲ್ಲಿ," ಎಂದು ಪುಸ್ತಕವನ್ನು ಉದಗೀರಕ್ಕೆ ತೆಗೆದುಕೊಂಡು ಹೋದರು.

ಎಲ್ಲರೂ ಹೋದ ಮೇಲೆ ನಾನೇ ಮಾತು ತೆಗೆದೆ. ತೆಗೆಯಬಾರದಿತ್ತು. "ಅಲ್ಲ, ಮೀನಲಗ ಬ್ಯಾಡಾದದ್ದು ನಿನಗ ಈ ವಯಸ್ಸಿನಾಗ ಏನು ಸೇರಿತು ಆ ಪಿಶಾಚಿಯಾಗ?"

ಶುಭಾಂಗಿ ಉಳಿದ ಬಶಿಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. "ಬಸ್ಸಿನ ಪಾಸ್ ಮುಚ್ಚಿಟ್ಟಿದ್ದು ತಪ್ಪೇ ಅದ. ಮೀನಲ ಹೇಳೋದು ನನಗ ಭೀ ತಿಳೀತದ. ಆದ್ರ ಅಂವಾ ಆಕಿ ಹಂತ್ಯಾಕ ಬಂದಾಗೊಮ್ಮಿ ಒಂದು ಮಾತು ಕೇಳ್ತಾನ. ಏನು ವಿಚಾರ ಮಾಡಲತ್ತಿ, ಅಂತ. ಕೇಳಿ, ಆಕಿ ಹೇಳೋತನಕ ಕೂಡ್ತಾನ. ಅಹೋ, ನೀವು ಒಂದರ ದಿನ ಕೇಳೀರೇನು?"

ಅಂಗಡಿಗೆ ಬಂದವರನ್ನೆಲ್ಲ ಏನು ಬೇಕೆಂದು ಕೇಳಿದ್ದೇನೆ. ಮನೆಯಲ್ಲಿ ಕೇಳಿದ್ದು ಊಟ ಆಯಿತೇ, ಕೀಲಿಕೈ ಎಲ್ಲಿ, ಇವೆರಡೇ. ನಾಚಿಕೆಯಾಯಿತು. ಹತ್ತಿರ ಕೂತು, ಆದಷ್ಟು ಮೆತ್ತಗೆ ಕೇಳಿದೆ:

"ಶುಭಾ, ಈಗ ಏನು ವಿಚಾರ ಮಾಡಲತ್ತಿ?"

ಆಕೆ ಬಶಿ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ಗೋಡೆಗೆ ಒರಗಿ ಕೂತಳು. ಹೇಳತೊಡಗಿದಳು.

ಅದಾಗಿ ಎಷ್ಟೋ ವಾರಗಳಾದವು. ಅಂಗಡಿ ಮುಚ್ಚಿ ಬರುವುದೇ ತಡ, ಬಿಟ್ಟಲ್ಲಿಂದ ಶುರು. ನಮ್ಮ ಮದುವೆಯ ಮಂಟಪದಲ್ಲಿ ಹೊರಟ ಆಕೆಯ ವಿಚಾರ ನಿನ್ನೆಗೆ ಮೀನಲಳ ತೊಟ್ಟಿಲಿನ ತನಕ ಬಂದಿದೆ. ಮುಂದೆ ಆಕೆಯ ಶಾಲೆ ಇದೆ, ಕಾಲೇಜು ಇದೆ, ನನ್ನ ತಾಯಿಯದೊಂದು ದೊಡ್ಡ ಭಾಗ ಬೇರೆಯೇ ಇದೆ. ಎದ್ದು ಹೋಗುವಂತಿಲ್ಲ, ಕೇಳಿದವನು ನಾನೇ. ಆ ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂದು ನಿಲಂಗಾ, ಉದಗೀರದ ಹೆಂಗಸರು ಬೇಕಾದಷ್ಟು ದಿನ ವಾದ ಮಾಡಲಿ. ಅದರ ಹುಡುಗನಿಗೆ ಸಾವಿಲ್ಲದ ಆಯುಷ್ಯ ಯಾಕೆ ಕೊಟ್ಟಿದ್ದಾರೆ ಎಂಬುದು ಮಾತ್ರ ನನಗೆ ಚೆನ್ನಾಗಿ ತಿಳಿದುಹೋಗಿದೆ. ಏನು ವಿಚಾರ ಮಾಡುತ್ತಿದ್ದೀ ಎಂದು ಕೇಳಿದವನು, ಉತ್ತರ ಮುಗಿಯುವ ತನಕ ಬದುಕಿರಬೇಕಲ್ಲ.